ಲೆಪ್ಟಾನ್‌ಗಳಿಗೆಲ್ಲ ಒಂದೇ ನ್ಯಾಯವೇ?

ಸೊಲ್ಲಾಪುರವಿರಲಿ, ಅಕ್ಕಲಕೋಟೆಯಿರಲಿ, ಅಂಗಳದಲ್ಲಿ ಕೈ ಚಾಚಿದರೆ ಅಂಗೈಯ ಪ್ರತಿ ಚದರ ಸೆಂಟಿಮೀಟರಿನಲ್ಲಿ ನಿಮಿಷಕ್ಕೆ ಸುಮಾರು ಒಂದು ಮ್ಯೂವಾನ್ ತೂರಿಹೋಗುತ್ತದೆ. ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ಮೆಸಾನ್ ಎಂಬ ಕಣಗಳು ಒಡೆದು ಬರುವ ಕಣ ಇದು. ಗುಣದಲ್ಲಿ ಎಲೆಕ್ಟ್ರಾನಿನ ಅಣ್ಣ; ತೂಕ ಮಾತ್ರ 207 ಪಟ್ಟು. ಲೆಪ್ಟಾನ್ ಎಂಬ ಬಳಗದ ಈ ಇಬ್ಬರಿಗೂ ಪ್ರಕೃತಿಯ ನಿಯಮ ಒಂದೇನಾ?

ಮ್ಯೂವಾನ್ ಕಂಡದ್ದು 1936ರಲ್ಲಿ. ಕ್ಷೀಣ ಬೈಜಿಕ ಬಲ ಎರಡನ್ನೂ ಸಮನಾಗಿ ಕಾಣುತ್ತದೆ ಎಂಬ ಸುಳಿವನ್ನು 1947ರಲ್ಲಿ ಬ್ರೂನೊ ಪೊಂಟೆಕೊರ್ವೊ ಕೊಟ್ಟರು. ಆದರೆ ಪಯಾನ್ ಎಂಬ ಮೆಸಾನ್ ಒಡೆದಾಗಲೆಲ್ಲ ಮ್ಯೂವಾನೇ ಸಿಗುತ್ತಿತ್ತು. 1958ರಲ್ಲಿ ಜಿನೀವಾದ ಸೆರ್ನ್ ಪ್ರಯೋಗಾಲಯದಲ್ಲಿ ಎಲೆಕ್ಟ್ರಾನೂ ಸಿಕ್ಕಿತು, ಹತ್ತು ಸಾವಿರಕ್ಕೆ ಸುಮಾರು ಒಂದರಂತೆ. ಬಲ ಸಮಾನವೆಂದಿಟ್ಟುಕೊಂಡು ತೂಕದ ವ್ಯತ್ಯಾಸವನ್ನಷ್ಟೇ ಲೆಕ್ಕಕ್ಕೆ ಹಿಡಿದರೂ ಇದೇ ಅನುಪಾತ ಬರುತ್ತದೆ. ಸಮಾನತೆಗೆ ಸಿಕ್ಕ ಗಟ್ಟಿ ಸಾಕ್ಷಿ ಅದು.

ಮ್ಯೂವಾನ್‌ಗಳ ಬೆನ್ನುಹತ್ತಿದವರಲ್ಲಿ ನಂಜನಗೂಡಿನ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ ಒಬ್ಬರು. ಹೋಮಿ ಭಾಭಾ ಅವರ ಸೂಚನೆಯಂತೆ 1950ರ ದಶಕದ ಆರಂಭದಲ್ಲಿ ಕೋಲಾರದ ಚಿನ್ನದ ಗಣಿಗಿಳಿದು, ಬೇರೆ ಬೇರೆ ಆಳದಲ್ಲಿ ಮ್ಯೂವಾನ್‌ಗಳನ್ನು ಎಣಿಸಿದರು. 1965ರಲ್ಲಿ ಅದೇ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಪತ್ತೆಮಾಡಿದರು. ಮೆಸಾನ್ ಒಡೆದಾಗ ಮ್ಯೂವಾನಿನ ಜೊತೆಗೇ ಹೊರಡುವ ಕಣ ಅದು.

1975ರಲ್ಲಿ ಇನ್ನೂ ಭಾರವಾದ ಮೂರನೆಯ ಸಹೋದರ ಟಾವ್ ಸಿಕ್ಕಿತು. ಮುಂದೆ ಪರೀಕ್ಷೆ ಬಿ ಮೆಸಾನಿನತ್ತ ತಿರುಗಿತು. ಇದು ಕೇಯಾನ್ ಎಂಬ ಇನ್ನೊಂದು ಮೆಸಾನ್ ಮತ್ತು ಎರಡು ಲೆಪ್ಟಾನ್‌ಗಳಾಗಿ ಒಡೆಯುವುದು ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ. ಸಮಾನತೆ ನಿಜವಾದರೆ ಹೀಗೆ ಸಿಗುವ ಮ್ಯೂವಾನ್ ಜೋಡಿ, ಎಲೆಕ್ಟ್ರಾನ್ ಜೋಡಿ ಸರಿಸಮ ಇರಬೇಕು. ಸೆರ್ನ್‌ನ ಎಲ್‌ಎಚ್‌ಸಿಬಿ ತಂಡಕ್ಕೆ 2014ರಲ್ಲಿ ನೂರು ಎಲೆಕ್ಟ್ರಾನ್ ಜೋಡಿಗೆ ಸುಮಾರು 75 ಮ್ಯೂವಾನ್ ಜೋಡಿ ಸಿಕ್ಕವು, 2021ರಲ್ಲಿ 85. ಸಮಾನತೆ ನಿಜವಾಗಿದ್ದೂ ಲೆಕ್ಕ ಆಕಸ್ಮಿಕವಾಗಿ ಇಷ್ಟು ತಪ್ಪುವ ಸಾಧ್ಯತೆ ಸಾವಿರಕ್ಕೆ ಒಂದು. ಹೊಸ ಬಲವೊಂದು ಅಡಗಿದೆಯೇ ಎಂದು ಜಗತ್ತೇ ಕಾದಿತ್ತು.

ಅದೇ ತಂಡ ತನ್ನ ಲೆಕ್ಕವನ್ನು ಮತ್ತೆ ಒರೆಗೆ ಹಚ್ಚಿತು. ಬೇರೆ ಕಣಗಳು ಎಲೆಕ್ಟ್ರಾನಿನ ವೇಷದಲ್ಲಿ ಎಣಿಕೆಗೆ ಸೇರಿದ್ದವು. ಅವನ್ನು ತೆಗೆದ ಮೇಲೆ, 2022ರ ಡಿಸೆಂಬರಿನಲ್ಲಿ, ಎರಡೂ ಸಮವೆಂದಿತು. ಜಗತ್ತು ಕೊಂಡಾಡಿದ ಫಲಿತಾಂಶವನ್ನು ತಾನೇ ಹಿಂಪಡೆದ ಆ ಪ್ರಾಮಾಣಿಕತೆ ಯಾವ ಹೊಸ ಕಣಕ್ಕೂ ಕಡಿಮೆಯಲ್ಲ.

ಟಾವ್ ವಿಷಯದಲ್ಲಿ ಮಾತ್ರ ಸಮಾನತೆಯ ಬಗ್ಗೆ ಅನುಮಾನ ಇನ್ನೂ ಉಳಿದಿದೆ. ಅದನ್ನು ಅಳೆಯುವ ಜಪಾನಿನ ಬೆಲ್–2 ಉಪಕರಣದ ಸಿಲಿಕಾನ್ ಪದರವೊಂದನ್ನು ಕಟ್ಟಿದ್ದು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ. ಅಲ್ಲಿಗೆ ಸೊಲ್ಲಾಪುರದಿಂದ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ರಾತ್ರಿಯ ಹಾದಿ. ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಗಳ ಗುರುಗಳು ಸಮಾನತೆಯ ಈ ಪ್ರಶ್ನೆಯನ್ನು ಮಕ್ಕಳ ಮುಂದಿಡಲಿ. ಉತ್ತರ ಹುಡುಕುವವರಲ್ಲಿ ನಮ್ಮ ಮಕ್ಕಳೂ ಇರಲಿ.