ನೋವನ್ನು ಹೇಳಿಕೊಳ್ಳುವ ಭಾಷೆ

ಹೋಟೆಲಿನ ಬಾಗಿಲು ತೆರೆಯುವ ಮೊದಲೇ ಎದ್ದು, ಮುಚ್ಚಿದ ಮೇಲೆ ಮಲಗುವ ನಮ್ಮ ಬಾಂಧವರಲ್ಲಿ ಸೊಂಟ, ಮೊಣಕಾಲು, ಹಿಮ್ಮಡಿಗಳ ನೋವನ್ನರಿಯದವರು ವಿರಳ. ಕಾವಲಿಯ ಮುಂದೆ ದಿನವಿಡೀ ನಿಲ್ಲುವ ಭಟ್ಟರು, ಸಾಂಬಾರಿನ ಹಂಡೆಯನ್ನು ಒಲೆಯಿಂದಿಳಿಸುವ ಆಳು, ಬಗ್ಗಿ ಮೇಜೊರೆಸುವ ಮಾಣಿ, ಕತ್ತು ಬಾಗಿಸಿ ಲೆಕ್ಕ ನೋಡುವ ಗುಮಾಸ್ತ, ಎಲ್ಲರೂ ಅದನ್ನು ದುಡಿಮೆಯೊಡನೆ ಬಂದ ಬಳುವಳಿಯೆಂದು ತಿಳಿದು ಸುಮ್ಮನಿರುತ್ತಾರೆ. ಹೇಳಿದರೆ ಕೆಲಸ ಹೋದೀತೆಂಬ ಭಯ ಒಂದು. ಹೇಳಲು ಮಾತು ಸಾಲದೆಂಬ ಸಂಕೋಚ ಇನ್ನೊಂದು. ಮೊದಲನೆಯದಕ್ಕೆ ಗಲ್ಲಾದ ಮೇಲೆ ಕುಳಿತವರೇ ಉತ್ತರ ಕೊಡಬೇಕು. ಎರಡನೆಯದನ್ನು ಕುರಿತು ಇಲ್ಲಿ ನಾಲ್ಕು ಮಾತು.

ಮೂರು ತಿಂಗಳಿಗೂ ಮೀರಿ ಉಳಿಯುವ ಅಥವಾ ಮರಳಿ ಮರಳಿ ಬರುವ ನೋವನ್ನು ವೈದ್ಯರು ದೀರ್ಘಕಾಲದ ನೋವೆನ್ನುತ್ತಾರೆ. ಪೆಟ್ಟು ಮಾಗಿದ ಮೇಲೂ ನರಮಂಡಲವು ನೋವಿನ ಸುದ್ದಿಯನ್ನು ಕಳುಹಿಸುತ್ತಲೇ ಇರಬಹುದು. ಆದುದರಿಂದ ಎಕ್ಸ್‌ರೇ ಚಿತ್ರದಲ್ಲಿ ಏನೂ ಕಾಣದ ಮಾತ್ರಕ್ಕೆ ನೋವು ಸುಳ್ಳಾಗದು. ನೋವಿದೆಯೆಂದು ಒಬ್ಬನು ಹೇಳಿದರೆ ಆ ಮಾತಿಗೆ ಬೆಲೆ ಕೊಡಬೇಕೆಂದು ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ತನ್ನ ವ್ಯಾಖ್ಯೆಯೊಡನೆ ಸ್ಪಷ್ಟಪಡಿಸಿದೆ. ಜ್ವರವನ್ನಳೆಯಲು ಮಾಪಕವುಂಟು; ನೋವನ್ನಳೆಯಲು ರೋಗಿಯ ಮಾತಲ್ಲದೆ ಬೇರೆ ಮಾಪಕವಿಲ್ಲ.

ಈ ಮಾತುಗಳನ್ನೇ ಕಲೆಹಾಕಿದವರು ಕೆನಡಾದ ರೊನಾಲ್ಡ್ ಮೆಲ್ಜಾಕ್. ಕಾಲು ಕಳೆದುಕೊಂಡ ವೃದ್ಧೆಯೊಬ್ಬರು, ಇಲ್ಲದ ಆ ಕಾಲಿನ ನೋವನ್ನು ಬಗೆಬಗೆಯ ಶಬ್ದಗಳಲ್ಲಿ ಬಣ್ಣಿಸುತ್ತಿದ್ದುದನ್ನು ಕೇಳಿ ಅವರು ಬರೆದಿಟ್ಟುಕೊಳ್ಳತೊಡಗಿದರು. 1975ರಲ್ಲಿ ಪ್ರಕಟವಾದ ಅವರ ಪ್ರಶ್ನಾವಳಿಯಲ್ಲಿ ಇಂಥ 78 ಶಬ್ದಗಳು 20 ಗುಂಪುಗಳಲ್ಲಿವೆ. ರೋಗಿ ಆರಿಸುವ ಶಬ್ದದಿಂದಲೇ ನೋವಿನ ಮೂಲದ ಸುಳಿವು ವೈದ್ಯರಿಗೆ ಸಿಗುವುದುಂಟು.

ನಮ್ಮ ನುಡಿಯೇನು ಬಡವೇ? ಸೊಂಟದಲ್ಲಿ ಫಕ್ಕನೆ ಹಿಡಿಯುವ ಚಳುಕು ಬೇರೆ, ತೊಡೆಯಿಂದ ಪಾದಕ್ಕಿಳಿಯುವ ಸೆಳೆತ ಬೇರೆ. ತಲೆಗೆ ಸಿಡಿತ, ಹೊಟ್ಟೆಗೆ ಶೂಲೆ, ಅಂಗಾಲಿಗೆ ಉರಿ, ಬೆರಳುಗಳಿಗೆ ಜೋಮು. ಊರಿನ ಅಜ್ಜಿಯರು ಇವನ್ನು ಒಂದರ ಬದಲು ಇನ್ನೊಂದೆಂದು ಎಂದೂ ಆಡರು. ಆದರೆ ಮುಂಬಯಿಯ ಆಸ್ಪತ್ರೆಯ ಸಾಲಿನಲ್ಲಿ ಎರಡು ತಾಸು ನಿಂತು ವೈದ್ಯರ ಮುಂದೆ ಕುಳಿತಾಗ ಇವೆಲ್ಲ ಬತ್ತಿಹೋಗಿ, ‘ದರ್ದ್’ ಎಂಬ ಒಂದೇ ಶಬ್ದ ಉಳಿಯುತ್ತದೆ. ನಷ್ಟವು ಭಾಷೆಯದು ಮಾತ್ರವಲ್ಲ. ಉರಿ, ಜೋಮುಗಳು ನರದ ತೊಂದರೆಯನ್ನು ಸೂಚಿಸಬಹುದು. ಅದಕ್ಕೆ ಸಾಮಾನ್ಯ ನೋವಿನ ಗುಳಿಗೆ ಹೆಚ್ಚಾಗಿ ನಾಟದು, ಮದ್ದೇ ಬೇರೆ. ಗುಳಿಗೆಯನ್ನು ಅಂಗಡಿಯಿಂದ ತಾವಾಗಿಯೇ ತಂದು ತಿಂಗಳುಗಟ್ಟಲೆ ನುಂಗುವುದರಿಂದ ಜಠರದಲ್ಲಿ ಹುಣ್ಣಾಗಿ ಮೂತ್ರಪಿಂಡವೂ ಕೆಡಬಹುದು.

ಆದುದರಿಂದ ಹೋಗುವ ಮುನ್ನ ಕನ್ನಡದಲ್ಲಿಯೇ ಒಂದು ಚೀಟಿ ಬರೆದುಕೊಳ್ಳಿರಿ: ಎಲ್ಲಿ, ಎಂದಿನಿಂದ, ಎಂಥದು, ನಿಂತಾಗಲೋ ಮಲಗಿದಾಗಲೋ, ಏನು ಮಾಡಿದರೆ ತಗ್ಗುತ್ತದೆ, ಈವರೆಗೆ ನುಂಗಿದ ಗುಳಿಗೆ ಯಾವುದು. ಅದನ್ನು ಹಿಂದಿಯಲ್ಲೋ ಮರಾಠಿಯಲ್ಲೋ ವಿವರಿಸಬಲ್ಲ ಸ್ನೇಹಿತನನ್ನು ಜೊತೆಗೆ ಕರೆದೊಯ್ಯಿರಿ. ನಮ್ಮ ಸಂಘಗಳು ವಾರ್ಷಿಕೋತ್ಸವದ ಹಾರ ತುರಾಯಿಗಳಲ್ಲಿ ಒಂದಿಷ್ಟನ್ನು ಕಡಿಮೆ ಮಾಡಿ, ವಾರಕ್ಕೊಮ್ಮೆ ಇಬ್ಬರು ತರುಣರನ್ನು ಈ ಕೆಲಸಕ್ಕೆ ಕಳುಹಿಸಬಾರದೇಕೆ? ಹಗಲು ದುಡಿದ ಹುಡುಗರಿಗೆ ರಾತ್ರಿಶಾಲೆ ನಡೆಸಿದ ಪರಂಪರೆ ನಮ್ಮದು.

ಸೊಂಟನೋವಿಗೆ ಪಟ್ಟಿ ಬಿಗಿಯುವವರು ಗಮನಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯು, ನಿರ್ದಿಷ್ಟ ರೋಗಕಾರಣವಿಲ್ಲದ ದೀರ್ಘಕಾಲದ ಸೊಂಟನೋವಿಗೆ ಸೊಂಟಪಟ್ಟಿಯನ್ನೂ ಎಳೆತದ ಚಿಕಿತ್ಸೆಯನ್ನೂ ಸಲಹೆ ಮಾಡುವುದಿಲ್ಲ. ತಿಳಿವಳಿಕೆ, ವ್ಯಾಯಾಮ, ಮನಸ್ಸಿಗೆ ಧೈರ್ಯ ತುಂಬುವ ಚಿಕಿತ್ಸೆಗಳನ್ನು ಹೇಳುತ್ತದೆ. ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ತೊಡೆಗಳ ನಡುವೆ ಸ್ಪರ್ಶವೇ ತಿಳಿಯದಿದ್ದರೆ ಮಾತ್ರ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.

ಖರ್ಚಿನ ವಿಷಯ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಹೋಟೆಲುಗಳು ನೌಕರರ ರಾಜ್ಯ ವಿಮೆಯ ವ್ಯಾಪ್ತಿಗೆ ಬರುತ್ತವೆ. ಮಾಸಿಕ ವೇತನದ ಮಿತಿಯನ್ನು 2017ರ ಜನವರಿಯಿಂದ 21,000 ರೂಪಾಯಿಗೆ ಏರಿಸಲಾಯಿತು. ನೌಕರನ ವಂತಿಗೆ 2019ರ ಜುಲೈಯಿಂದ ವೇತನದ ನೂರಕ್ಕೆ ಮುಕ್ಕಾಲು ರೂಪಾಯಿ, ಧಣಿಯದು ಮೂರೂಕಾಲು. ಕುಟುಂಬಕ್ಕೂ ಚಿಕಿತ್ಸೆ ದೊರೆಯುತ್ತದೆ. ನಿಗದಿಯಾದಷ್ಟು ದಿನಗಳ ವಂತಿಗೆ ಸಂದಿದ್ದು ವೈದ್ಯರು ಪ್ರಮಾಣಪತ್ರ ಕೊಟ್ಟರೆ, ವರ್ಷದಲ್ಲಿ 91 ದಿನಗಳವರೆಗೆ ಕೂಲಿಯ ನೂರಕ್ಕೆ 70ರಷ್ಟು ಸಿಗುತ್ತದೆ. ತಮ್ಮ ಹೆಸರಿನಲ್ಲಿ ವಂತಿಗೆ ಸಲ್ಲುತ್ತಿದೆಯೇ ಎಂಬುದನ್ನು ಈ ತಿಂಗಳ ವೇತನಚೀಟಿಯಲ್ಲೇ ನೋಡಿಕೊಳ್ಳಬಹುದು.