300 ರೂಪಾಯಿ ಫೀಸು, 40 ನಿಮಿಷದ ಆಟ!

ಊರೂರಿನ ಮಹಡಿಗಳ ಮೇಲೆ ಪೂಲ್ ಮೇಜುಗಳು ಬಂದವು, ಹಿಂದೆಯೇ ಟೂರ್ನಮೆಂಟುಗಳೂ ಬಂದವು. ಹಸಿರು ಬಟ್ಟೆಯ ಮೇಜು, ಆರು ಕಿಂಡಿ, ಕೈಯಲ್ಲೊಂದು ಕ್ಯೂ ಕೋಲು. ಅಂಗಡಿ ಬಾಗಿಲು ಹಾಕಿದ ಮೇಲೆ ಹುಡುಗರು ಸೇರುವುದು ಅಲ್ಲೇ. ಆಡಲಿ, ತಪ್ಪೇನಿಲ್ಲ. ಪೂಲ್‌ನ ಅಣ್ಣನಂತಿರುವ ಸ್ನೂಕರಿನಲ್ಲಿ ಬೆಂಗಳೂರಿನ ಪಂಕಜ್ ಅಡ್ವಾನಿ 2003ರಲ್ಲೇ ವಿಶ್ವ ಅಮೆಚೂರ್ ಚಾಂಪಿಯನ್ ಆದವರು. ತಕರಾರು ಆಟದ ಮೇಲಲ್ಲ, ಪ್ರವೇಶ ಫೀಸಿನ ಮೇಲೆ. ಕೊಟ್ಟ ಕಾಸಿಗೆ ತಕ್ಕ ಸರಕು ಸಿಗುತ್ತಿದೆಯೇ?

ಲೆಕ್ಕ ಹೀಗಿದೆ

ಉದಾಹರಣೆಗೆ 32 ಮಂದಿ ಆಟಗಾರರು, ತಲೆಗೆ 300 ರೂಪಾಯಿ ಎಂದಿಟ್ಟುಕೊಳ್ಳಿ. ಗಲ್ಲಾಕ್ಕೆ ಬಿದ್ದದ್ದು 9,600. ಮೊದಲ ಬಹುಮಾನ 5,000, ಎರಡನೆಯದು 2,500. ಅಂದರೆ ಮುಕ್ಕಾಲು ಪಾಲಿಗೂ ಮಿಕ್ಕಿದ ಹಣ ಇಬ್ಬರ ಜೇಬಿಗೆ!

ನಾಕೌಟ್ ಆಟದಲ್ಲಿ ಮೊದಲ ಸುತ್ತಿಗೇ 16 ಮಂದಿ ಮನೆಗೆ. ಮೂರು ಫ್ರೇಮಿನ ಪಂದ್ಯಕ್ಕೆ 40 ನಿಮಿಷ ಹಿಡಿಯಿರಿ, ಅವರಿಗೆ ಸಿಕ್ಕಿದ್ದು ಅಷ್ಟೇ. ಈ 16 ಮಂದಿ ಕಟ್ಟಿದ್ದು ಒಟ್ಟು 4,800 ರೂಪಾಯಿ. ಗೆದ್ದವನು ಎತ್ತಿಕೊಂಡು ಹೋಗುವ ಮೊದಲ ಬಹುಮಾನ ಹೆಚ್ಚೂಕಮ್ಮಿ ಇವರದೇ ದುಡ್ಡು, ಸ್ವಾಮಿ!

ಮೇಜಿನ ಬಾಡಿಗೆ ಗಂಟೆಗೆ 150 ಆದರೆ ಅದೇ 300 ರೂಪಾಯಿಗೆ ಎರಡು ಗಂಟೆ ಆಟ. ಗೆಳೆಯನೂ ಪಾಲು ಕೊಟ್ಟರೆ ನಾಲ್ಕು ಗಂಟೆ. ಪೈಪೋಟಿಯ ಬಿಸಿ ಬೇರೆ, ನಾಲ್ಕು ಜನರೆದುರು ಆಡುವ ಖುಷಿ ಬೇರೆ, ನಿಜ. ಆದರೆ ದಿನಗೂಲಿಯ ಹುಡುಗನಿಗೆ 300 ಸಣ್ಣ ಮೊತ್ತವಲ್ಲ.

ಮಾಲೀಕ ಕಳ್ಳನೇ?

ಹಾಗೆನ್ನುವಂತಿಲ್ಲ. 31 ಪಂದ್ಯ ಮುಗಿಯಲು ಎರಡು ಮೇಜು ಹತ್ತು ಗಂಟೆಗೂ ಮೇಲೆ ಬೇಕು. ಆ ಹೊತ್ತಿನ ಬಾಡಿಗೆಯೇ 3,100 ಆಗುತ್ತದೆ. ಬಹುಮಾನ ಕೊಟ್ಟ ಮೇಲೆ ಅವನ ಕೈಯಲ್ಲಿ ಉಳಿದದ್ದು 2,100. ಕೊರತೆಯನ್ನು ಟೀ, ಕೂಲ್ ಡ್ರಿಂಕ್ಸ್ ವ್ಯಾಪಾರ ತುಂಬಬೇಕು. ಹಾಗಾಗಿ ದೋಷ ಫೀಸಿನ ಮೊತ್ತದಲ್ಲಿಲ್ಲ, ಹಂಚಿಕೆಯಲ್ಲಿದೆ. ದೊಡ್ಡ ಬಹುಮಾನದ ಬೋರ್ಡು ನೋಡಿ ಪರ ಊರಿನ ಪಳಗಿದ ಕೈಗಳು ಬರುತ್ತವೆ, ನಮ್ಮ ಸಾಧಾರಣ ಆಟಗಾರ ಅವರ ಖರ್ಚು ಹೊರುತ್ತಾನೆ.

ದಾರಿ ಇದೆ

ಮೊದಲ ಸುತ್ತಿನಲ್ಲಿ ಸೋತ 16 ಮಂದಿಗೆ ಬೇರೆಯೇ ಒಂದು ನಾಕೌಟ್ ನಡೆಸಲಿ. ಹೆಚ್ಚಾಗುವುದು 15 ಪಂದ್ಯ, ಬಾಡಿಗೆ ಲೆಕ್ಕದಲ್ಲಿ 1,500. ಮೊದಲ ಬಹುಮಾನದಲ್ಲಿ 1,000, ಎರಡನೆಯದರಲ್ಲಿ 500 ಕಡಿಮೆ ಮಾಡಿದರೆ ಸರಿಹೋಯಿತು. ಫೀಸು ಕಟ್ಟಿದ ಪ್ರತಿಯೊಬ್ಬನಿಗೂ ಎರಡು ಪಂದ್ಯ ಗ್ಯಾರಂಟಿ! ವಿಶ್ವ ಅಮೆಚೂರ್ ಸ್ನೂಕರಿನಲ್ಲೂ ಮೊದಲು ಗುಂಪು ಲೀಗ್, ಆಮೇಲೆ ನಾಕೌಟ್. ಅಷ್ಟು ದೊಡ್ಡವರಿಗೇ ಒಂದು ಸೋಲಿಗೆ ಗೇಟ್‌ಪಾಸ್ ಇಲ್ಲ, ನಮ್ಮ ಹುಡುಗರಿಗೆ ಯಾಕೆ?

ಆಟಗಾರರಿಗೂ ಒಂದು ಮಾತು. ಹೆಸರು ಬರೆಸುವ ಮುನ್ನ ಬಹುಮಾನ ಎಷ್ಟೆಂದು ಕೇಳಬೇಡಿ, ಕನಿಷ್ಠ ಎಷ್ಟು ಪಂದ್ಯ ಎಂದು ಕೇಳಿ. ಅಕ್ಕಿ ಕೊಳ್ಳುವಾಗ ತಕ್ಕಡಿ ನೋಡುವುದಿಲ್ಲವೇ? ಇದೂ ಹಾಗೆಯೇ.

ಮುಂದಿನ ಟೂರ್ನಮೆಂಟಿನ ಬೋರ್ಡು ಬರೆಸುವ ವ್ಯವಸ್ಥಾಪಕರು ಇತ್ತ ಗಮನ ಹರಿಸುವರೇ?