ಸದ್ದಿಲ್ಲದ ದುಡಿಮೆ



ತೇರು ಎಳೆಯುವ ದಿನ ನಮ್ಮೆಲ್ಲರ ಕಣ್ಣು ಎಲ್ಲಿರುತ್ತದೆ? ಕಳಸದ ಮೇಲೆ. ಉತ್ತತ್ತಿ, ಬಾಳೆಹಣ್ಣು ಹಾರುವುದೂ ಅತ್ತಲೇ. ಹಗ್ಗ ಹಿಡಿದವರ ಕೂಗು ಊರಿಗೆಲ್ಲ ಕೇಳುತ್ತದೆ. ಆದರೆ ಗಾಲಿಯ ಪಕ್ಕದಲ್ಲಿ ಬಗ್ಗಿ ನಡೆಯುತ್ತ, ತೇರು ಓರೆಯಾದಾಗ ಸನ್ನೆ ಕೊಟ್ಟು ದಾರಿಗೆ ತರುವ ನಾಲ್ಕು ಜನರನ್ನು ಯಾರೂ ನೋಡುವುದಿಲ್ಲ. ಅವರು ಕೂಗುವುದೂ ಇಲ್ಲ. ಗಾಲಿಯ ಮೇಲಿನ ಗಮನ ತಪ್ಪಿದರೆ ಅನಾಹುತವೆಂಬುದು ಅವರಿಗೆ ಗೊತ್ತು. ಇಂಥವರು ಪ್ರತಿಯೊಂದು ಮನೆಯಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ಇದ್ದೇ ಇರುತ್ತಾರೆ. ಇಂದು ಅವರ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದಿದ್ದೇವೆ.

ಇಳಕಲ್ಲಿನ ಸೀರೆಯನ್ನು ಕಾಣದ ಮನೆ ನಮ್ಮ ಸೀಮೆಯಲ್ಲಿಲ್ಲ. ಸೀರೆ ಕೊಳ್ಳಲು ಬಂದ ತಾಯಿ ಮೊದಲು ಸೆರಗು ಬಿಚ್ಚಿಸುತ್ತಾಳೆ. ಕೆಂಪು ರೇಷ್ಮೆಯ ಮೇಲೆ ಬಿಳಿಯ ತೋಪುತೆನಿ ಕಂಡು ಮೆಚ್ಚುತ್ತಾಳೆ. ಆಮೇಲೆ ಅಂಚು ನೋಡುತ್ತಾಳೆ, ಬಣ್ಣ ನೋಡುತ್ತಾಳೆ. ಒಡಲೂ ಸೆರಗೂ ಕೂಡಿದ ಜಾಗವನ್ನು ನೋಡುವವರು ಕಡಿಮೆ. ಆದರೆ ಆ ಸೀರೆಯ ಹೆಚ್ಚುಗಾರಿಕೆ ಇರುವುದೇ ಅಲ್ಲಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದಾಗಿರುವುದುಂಟು. ಈ ಎರಡು ಹಾಸುಗಳ ಎಳೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಒಂದೊಂದು ಸೀರೆಗೂ ಹಾಸು ಬೇರೆ ಸಿದ್ಧವಾಗಬೇಕು, ಒಂದೊಂದು ಸೀರೆಗೂ ಕೊಂಡಿಯನ್ನು ಹೊಸದಾಗಿ ಹಾಕಬೇಕು. ಅದು ಸರಿಯಾಗಿದ್ದರೆ ಕಣ್ಣಿಗೆ ಬೀಳುವುದಿಲ್ಲ. ತಪ್ಪಿದರೆ ಮಾತ್ರ ಎಲ್ಲರಿಗೂ ಕಾಣುತ್ತದೆ.

ಕುಣಿಮಗ್ಗದಲ್ಲಿ ಕುಳಿತು ನೇಯುವವನು ಒಬ್ಬ. ಅವನ ಹಿಂದೆ ನೂಲಿಗೆ ಬಣ್ಣ ಕಟ್ಟಿದವರು, ಹಾಸು ಹೂಡಿದವರು, ಕಂಡಿಕೆ ಸುತ್ತಿದವರು ಎಷ್ಟು ಜನ! ಇದರಲ್ಲಿ ಬಹಳಷ್ಟು ಮನೆಯ ಹೆಣ್ಣುಮಕ್ಕಳ ಕೆಲಸ. ರೊಟ್ಟಿ ಬಡಿದು, ಮಕ್ಕಳನ್ನು ಸಾಲೆಗೆ ಕಳಿಸಿ, ಮೂಲೆಯಲ್ಲಿ ರಾಟಿ ಹಿಡಿದು ಕೂಡುತ್ತಾರೆ. ಕಂಡಿಕೆ ತೀರಿದರೆ ಲಾಳಿ ನಿಲ್ಲುತ್ತದೆ. ಆದರೂ ಮಜೂರಿ ಎಣಿಸುವಾಗ ಸೀರೆಯ ಲೆಕ್ಕ ನಡೆಯುತ್ತದೆಯೇ ಹೊರತು ಕಂಡಿಕೆಯ ಲೆಕ್ಕ ಸಾಮಾನ್ಯವಾಗಿ ಯಾರ ಬಾಯಿಗೂ ಬರುವುದಿಲ್ಲ.

ಇದನ್ನು ಹೇಳುವಾಗ ನಮ್ಮದೇ ಒಂದು ತಪ್ಪನ್ನು ಮುಚ್ಚಿಡಲಾರೆವು. ಒಂದು ಜಾತ್ರೆಯ ದಾಸೋಹದಲ್ಲಿ ಒಬ್ಬ ಹಿರಿಯರು ಬಹಳ ವರ್ಷ ಒಲೆಯ ಉಸ್ತುವಾರಿ ನೋಡುತ್ತಿದ್ದರು. ಬೆಳಗಿನ ಮೂರು ಗಂಟೆಗೆ ಒಲೆ ಹೊತ್ತಿಸುವರು, ಕೊನೆಯ ಪಂಕ್ತಿ ಎದ್ದ ಮೇಲೆ ತಾವು ಉಣ್ಣುವರು. ಪ್ರತಿ ವರ್ಷ ನಾವು ಅಕ್ಕಿ ಕೊಟ್ಟವರಿಗೆ ಶಾಲು ಹೊದಿಸಿದೆವು, ಭಾಷಣ ಮಾಡಿದವರಿಗೆ ಹಾರ ಹಾಕಿದೆವು. ಅವರ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ. ಬದಲಾಗಿ, "ಅವರಿದ್ದಾರಲ್ಲ" ಎಂದು ನೀರಿನ ಕೆಲಸವನ್ನೂ ಅವರಿಗೇ ವಹಿಸಿದೆವು. ಒಂದು ವರ್ಷ ಅವರು ಬರಲಿಲ್ಲ. ಅಂದು ಅನ್ನ ಸೀದುಹೋಯಿತು, ಸಾರು ಸಾಲಲಿಲ್ಲ, ಭಕ್ತರು ಬಿಸಿಲಲ್ಲಿ ಕಾದರು. ಮನೆಗೆ ಹೋಗಿ ನೋಡಿದರೆ, ಎರಡು ವರ್ಷದಿಂದ ಅವರಿಗೆ ಮೊಣಕಾಲು ನೋವು. "ಯಾಕೆ ಹೇಳಲಿಲ್ಲ?" ಎಂದೆವು. "ನೀವು ಕೇಳಲಿಲ್ಲ ಬುದ್ಧಿ" ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅದು ನಮಗೆ ಇನ್ನೂ ಚುಚ್ಚುತ್ತದೆ.

ದುಡಿದವರನ್ನು ಹೆಸರು ಹಿಡಿದು ನೆನೆಯುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಬಾದಾಮಿಯಿಂದ ಪಟ್ಟದಕಲ್ಲಿಗೆ ಹೋಗಿ ನೋಡಿರಿ. 8ನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯ ಅಲ್ಲಿದೆ. ಅವಳ ಪತಿ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಎದ್ದ ಗುಡಿ ಅದು. ಆದರೆ ಅಲ್ಲಿಯ ಶಾಸನ ರಾಜನ ಗೆಲವನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಗುಡಿ ಕಟ್ಟಿದ ಗುಂಡನೆಂಬ ಶಿಲ್ಪಿಗೆ ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟದ್ದನ್ನೂ ಹೇಳುತ್ತದೆ. ಮೂರ್ತಿಗಳ ಬಳಿ ಕೆತ್ತಿದವರ ಹೆಸರುಗಳೂ ಕಾಣಸಿಗುತ್ತವೆ. ಸುಮಾರು 1,300 ವರ್ಷ ಕಳೆದರೂ ಆ ಹೆಸರುಗಳನ್ನು ಓದಬಹುದು. ಕಲ್ಲು ಎಳೆದು ತಂದವರ, ಉಳಿಗೆ ಮೊನೆ ಹಚ್ಚಿಕೊಟ್ಟವರ ಹೆಸರು ಮಾತ್ರ ಅಲ್ಲಿಲ್ಲ. ಆ ಬಾಕಿ ನಮ್ಮ ಮೇಲೆ ಉಳಿದಿದೆ.

ಆದರೆ ಹೆಸರು ಹೇಳಿದರಷ್ಟೇ ಸಾಲದು, ಅವರ ಮಾತನ್ನೂ ಕೇಳಬೇಕು. ಆಯ್ದಕ್ಕಿ ಮಾರಯ್ಯನವರ ಕಥೆ ನೀವೆಲ್ಲ ಬಲ್ಲಿರಿ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದರು. ಮನೆಯಲ್ಲಿ ದಿನವೂ ಅಕ್ಕಿ ಅಳೆಯುತ್ತಿದ್ದ ಲಕ್ಕಮ್ಮನವರು ಅದನ್ನು ಗುರುತಿಸಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದರು. ಮಾರಯ್ಯನವರು ಮರುಮಾತಾಡದೆ ಹೋದರು. ಪ್ರತಿದಿನ ಕೈಯಿಂದ ಅಳೆಯುವವರಿಗೆ ತಪ್ಪು ಎಲ್ಲಕ್ಕಿಂತ ಮೊದಲು ತಿಳಿಯುತ್ತದೆ. ಮಾತು ಕಡಿಮೆ ಆಡುವವರಲ್ಲಿ ವಿಚಾರವೂ ಕಡಿಮೆ ಎಂದು ತಿಳಿಯುವುದು ದೊಡ್ಡ ಅವಿವೇಕ.

ಆದ್ದರಿಂದ ಬಾಗಲಕೋಟೆಯ ಅಂಗಡಿಕಾರರೇ, ಹುನಗುಂದದ ಸಾಲೆಯ ಹಿರಿಯರೇ, ಇಳಕಲ್ಲಿನ ಮಗ್ಗದ ಯಜಮಾನರೇ, ನಿಮಗೆ ನಮ್ಮ ಸೂಚನೆ ಇಷ್ಟು. ಸುಮ್ಮನೆ ದುಡಿಯುವವರನ್ನು ವಾರಕ್ಕೊಮ್ಮೆಯಾದರೂ ಬೇರೆಯಾಗಿ ಕರೆದು ಮಾತಾಡಿಸಿರಿ. ನಾಲ್ಕು ಜನರ ಮುಂದೆ ಕೇಳಿದರೆ ಅವರು "ಎಲ್ಲ ಛಲೋ ಐತ್ರಿ" ಎಂದೇ ಹೇಳುವರು. ಹೊಗಳುವಾಗ "ಒಳ್ಳೆಯವನು" ಎಂದು ತೇಲಿಸಬೇಡಿರಿ, ಯಾವ ಕೆಲಸ ಹೇಗೆ ನೆರವಾಯಿತೆಂದು ಬಿಡಿಸಿ ಹೇಳಿರಿ. ಹೊಗಳಿಕೆಯಿಂದ ಹೊಟ್ಟೆ ತುಂಬದು, ಕೂಲಿ ಏರಿಸುವಾಗ ಕೇಳದವರ ಹೆಸರನ್ನು ಮೊದಲು ಬರೆಯಿರಿ. ನೆಚ್ಚಿಕೆಯವನೆಂದು ಸೋಮಾರಿಗಳ ಹೊರೆಯನ್ನೂ ಅವನ ತಲೆಗೆ ಹೊರಿಸಬೇಡಿರಿ. ಒಬ್ಬರೇ ಬಲ್ಲ ಕೆಲಸವನ್ನು ಇನ್ನೊಬ್ಬರಿಗೂ ಕಲಿಸಿರಿ. ಅದರಿಂದ ಅವರಿಗೂ ವಿಶ್ರಾಂತಿ ಸಿಗುತ್ತದೆ, ವಿದ್ಯೆಯೂ ಉಳಿಯುತ್ತದೆ. ಒಂದು ಎಚ್ಚರಿಕೆ. ಸಂಕೋಚದವರನ್ನು ಬಲವಂತದಿಂದ ವೇದಿಕೆಗೆ ಎಳೆಯಬೇಡಿರಿ. ಅವರಿಗೆ ಒಪ್ಪುವಂತೆ ಗೌರವಿಸಿರಿ.

ಸದ್ದಿಲ್ಲದೆ ದುಡಿಯುವ ಶರಣರಿಗೂ ಒಂದು ಮಾತಿದೆ. ನೋವನ್ನು ನುಂಗುವುದು ಕಾಯಕವಲ್ಲ. ಹೊರೆ ಮೀರಿದಾಗ ಹೇಳಿರಿ. ಲಕ್ಕಮ್ಮನವರೂ ಹೇಳಿದರು.

ಇಂದು ಮನೆಗೆ ಹೋದ ಮೇಲೆ ಪ್ರತಿಯೊಬ್ಬರೂ ಒಂದು ಕೆಲಸ ಮಾಡಿರಿ. ನಿಮ್ಮ ಬದುಕಿನ ಕೊಂಡಿ ಹಾಕಿದವರು ಯಾರು ಎಂದು ನೆನೆಯಿರಿ. ಅವರು ಗೈರುಹಾಜರಾಗುವ ದಿನದವರೆಗೆ ಕಾಯದೆ, ಹತ್ತಿರ ಹೋಗಿ, "ಹೇಗಿದ್ದೀರಿ?" ಎಂದು ಕೇಳಿ, ಉತ್ತರ ಬರುವವರೆಗೆ ಅಲ್ಲಿಯೇ ಕುಳಿತುಕೊಳ್ಳಿರಿ.